ನಾ ಸತ್ರೆ ನನ್ನ ಎಲ್ಲಿ ಹಾಕ್ತೀರಾ?



ಸ್ವಲ್ಪ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ. ಓದದೇ ಕೈಮುಗಿಯೋ ಚಿತ್ರ ಒತ್ತಿ ಮುಂದೆ ಹೋಗೋರಿದ್ರೆ ದಯವಿಟ್ಟು ಅದನ್ನೂ ಒತ್ತಬೇಡಿ.

ನಮ್ಮ ಕೇರಿಯ ನಿವೃತ್ತ ಹವಾಲ್ದಾರರು ಹೋದ ವಾರ ತೀರಿಕೊಂಡರು. 76 ವರ್ಷ. ಅವರ ಹೆಸರು, ಊರಿನ ಹೆಸರು ಇಲ್ಲಿ ಬರೆಯಲ್ಲ. ನಾನು ಪೋಸ್ಟ್ ಹಾಕಿ ಪೇಟೆಗೆ ಬಂದುಬಿಡ್ತೀನಿ, ಅವರ ಮನೆಯವರು ನಾಳೆಯೂ ಅದೇ ನಲ್ಲೀಲಿ ನೀರು ಹಿಡೀಬೇಕು, ಅದೇ ಡೈರಿಗೆ ಹಾಲು ಹಾಕಬೇಕು. ಕೇರಿಯಲ್ಲಿ ಎಲ್ಲರೂ ಅವರನ್ನ ಮಿಲಿಟ್ರಿ ಅಣ್ಣ ಅಂತಿದ್ವಿ. ಇಲ್ಲೂ ಹಾಗೇ ಅಂತೀನಿ.

ಅವರು ತೀರಿಕೊಂಡ ದಿನ ಮಧ್ಯಾಹ್ನದೊಳಗೆ ಊರ ಮುಂದೆ ಮೂರು ಫ್ಲೆಕ್ಸ್ ಎದ್ದವು. ಮೂರೂ ಬೇರೆ ಬೇರೆ ಪಕ್ಷದವರದ್ದು. ಮೂರರಲ್ಲೂ ಮಿಲಿಟ್ರಿ ಅಣ್ಣನ ಫೋಟೋ ಒಂದು ಅಂಗೈಯಷ್ಟು, ಕೈಮುಗಿದು ನಿಂತ ನಾಯಕರ ಫೋಟೋ ಒಂದೊಂದು ಮೊರದಷ್ಟು. ಒಂದರಲ್ಲಿ ಬರೆದಿದ್ರು: ಸೈನಿಕನಿಗೆ ಜಾತಿ ಇಲ್ಲ. ಇವತ್ತು ನನ್ನ ತಕರಾರು ಇರೋದು ಈ ಮೂರು ಪದದ ಮಾತಿನ ಮೇಲೆ. ಎಷ್ಟು ಚೆಂದ ಕೇಳಿಸುತ್ತೆ ನೋಡಿ. ಅಷ್ಟೇ ಚೆಂದಾಗಿ ಅದು ಕೆಲಸ ಮಾಡುತ್ತೆ, ಯಾರ ಪರವಾಗಿ ಅಂತ ಹೇಳ್ತೀನಿ.

ಮೊದಲು ಅವರು ಯಾರು ಅಂತ ತಿಳೀಬೇಕು. 1968ರಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗ, ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಎಂಇಜಿ ಸೆಂಟರಿಗೆ ಹೋಗಿ ಭರ್ತಿಯಾದವರು. ಮದ್ರಾಸ್ ಸ್ಯಾಪರ್ಸ್. ಸೇನೆಯಲ್ಲಿ ಇವರನ್ನ 'ತಂಬಿ' ಅಂತ ಕರೀತಾರೆ. ಸ್ಯಾಪರ್ ಕೆಲಸ ಅಂದ್ರೆ ಸೇತುವೆ ಕಟ್ಟೋದು, ರಸ್ತೆ ಮಾಡೋದು, ನೆಲದಲ್ಲಿ ಹುಗಿದಿಟ್ಟ ಮೈನ್ ತೆಗೆಯೋದು. ಹಿಂದೆ ಬರೋರಿಗೆ ದಾರಿ ಮಾಡೋ ಕೆಲಸ. 1971ರ ಡಿಸೆಂಬರಿನಲ್ಲಿ ಶಕರ್‌ಗಢದ ಕಡೆ ಬಸಂತರ್ ನದಿ ದಾಟೋಕೆ ಟ್ಯಾಂಕುಗಳಿಗೆ ಮೈನ್ ತೆಗೆದು ದಾರಿ ಬಿಡಿಸಿಕೊಟ್ಟದ್ದು ಇದೇ ಮದ್ರಾಸ್ ಸ್ಯಾಪರ್ಸ್‌ನವರು. ಮಿಲಿಟ್ರಿ ಅಣ್ಣ ಆ ಕಡೆ ಇದ್ರು. ಹೆಚ್ಚು ಮಾತಾಡ್ತಿರಲಿಲ್ಲ ಅದರ ಬಗ್ಗೆ. ಚಳಿ ಬಗ್ಗೆ ಹೇಳ್ತಿದ್ರು, ರಾತ್ರಿ ಕೈಯಲ್ಲಿ ನೆಲ ತಡವಿ ತಡವಿ ಹೋಗೋದರ ಬಗ್ಗೆ ಹೇಳ್ತಿದ್ರು, ಅಷ್ಟೇ. 1992ರಲ್ಲಿ ಪಿಂಚಣಿ ತಗೊಂಡು ಊರಿಗೆ ಬಂದ್ರು. ಬಿಳೀ ಬಣ್ಣದಲ್ಲಿ ನಂಬರ್ ಬರೆದ ಕಪ್ಪು ಟ್ರಂಕು ಒಂದು, ವಿಶಲ್ ಒಂದು, ಬೆಳಗ್ಗೆ ಐದಕ್ಕೆ ಏಳೋ ಚಾಳಿ ಒಂದು. ಕೇರಿ ಹುಡುಗರನ್ನ ಎಬ್ಬಿಸಿ ಕೆರೆ ಏರಿ ಮೇಲೆ ಓಡಿಸ್ತಿದ್ರು. ಪೊಲೀಸ್‌ಗೆ, ಸೇನೆಗೆ, ಕೆಎಸ್‌ಆರ್‌ಟಿಸಿಗೆ ಅಂತ ಆ ಓಟದಿಂದ ಹೊರಬಿದ್ದವರು ಹನ್ನೊಂದು ಜನ ಇದ್ದಾರೆ ನಮ್ಮ ಕೇರಿಯಲ್ಲಿ. ನಾನು ಓಡಿದೋನೇ, ಎತ್ತರ ಸಾಲದೆ ಉಳಿದೋನು.

ಈಗ ಆ ದಿನಕ್ಕೆ ಬರೋಣ.

ನಮ್ಮ ಕೇರಿಗೆ ಸ್ಮಶಾನ ಅಂತ ಕಾಗದದ ಮೇಲೆ ಯಾವುದೂ ಇಲ್ಲ. ಕೆರೆ ಹಿನ್ನೀರಿನ ಅಂಚಲ್ಲಿ ಒಂದು ತುಂಡು ಜಾಗ, ತಲೆಮಾರುಗಳಿಂದ ಅಲ್ಲೇ ಹೂಳೋದು. ಬೇಸಿಗೆಯಲ್ಲಿ ಪರವಾಗಿಲ್ಲ. ಮಳೆಗಾಲದಲ್ಲಿ ಎರಡಡಿ ತೋಡಿದ್ರೆ ನೀರು ಒಸರುತ್ತೆ. ಊರಿಗೆ ಸ್ಮಶಾನ ಇದೆ, ಎತ್ತರದ ಜಾಗ, ಸುತ್ತ ಬೇಲಿ, ಪಂಚಾಯ್ತಿ ದುಡ್ಡಲ್ಲಿ ಹಾಕಿಸಿದ ಕಾಂಕ್ರೀಟ್ ರಸ್ತೆ, ತಗಡಿನ ಶೆಡ್, ಕೈಕಾಲು ತೊಳೆಯೋಕೆ ಬೋರ್‌ವೆಲ್. ಆ ಜಾಗದ ಪಹಣಿ ನಾನು ತೆಗೆಸಿದ್ದೀನಿ. ಅದರಲ್ಲಿ 'ಸರ್ಕಾರಿ ಸ್ಮಶಾನ' ಅಂತಿದೆ. ಇಂಥ ಜಾತಿಯವರ ಸ್ಮಶಾನ ಅಂತ ಎಲ್ಲೂ ಇಲ್ಲ. ಆದ್ರೆ ಅಲ್ಲಿಗೆ ನಮ್ಮ ಹೆಣ ಇವತ್ತಿನವರೆಗೂ ಹೋಗಿಲ್ಲ. ಹೋಗಬಾರದು ಅಂತ ಬೋರ್ಡ್ ಇಲ್ಲ. ಬೋರ್ಡ್ ಬೇಕಾಗಿಯೂ ಇಲ್ಲ.

ಮಿಲಿಟ್ರಿ ಅಣ್ಣ ಹದಿನೈದು ವರ್ಷ ಈ ಜಾಗಕ್ಕಾಗಿಯೇ ಅರ್ಜಿ ಬರೆದವರು. ತಮಗೆ ಅಂತ ಅಲ್ಲ, ಕೇರಿಗೆ ಅಂತ. ಸೈನ್ಯದ ಶಿಸ್ತು, ಪ್ರತಿ ಅರ್ಜಿಯ ನಕಲು, ಸ್ವೀಕೃತಿ, ದಿನಾಂಕ, ಎಲ್ಲ ಟ್ರಂಕಿನಲ್ಲಿ ಮಡಿಸಿ ಇಟ್ಟಿದ್ದಾರೆ. ಮೆಡಲ್‌ಗಳು ಕೆಳಗೆ, ಅರ್ಜಿಗಳು ಮೇಲೆ.

ಹೋದ ವಾರ ಮಳೆ ನಿಂತಿರಲಿಲ್ಲ. ಗುಂಡಿ ತೋಡೋಕೆ ಹೋದ ಹುಡುಗರು ವಾಪಸ್ ಬಂದು ನೀರು ನಿಂತಿದೆ ಅಂದ್ರು. ಹುಡುಗರಿಗೆ ಸಿಟ್ಟು ಬಂತು. ಊರ ಸ್ಮಶಾನಕ್ಕೇ ತಗೊಂಡು ಹೋಗೋಣ, ಏನಾಗುತ್ತೋ ಆಗಲಿ ಅಂದ್ರು. ಸುದ್ದಿ ಊರೊಳಕ್ಕೆ ಹೋಯ್ತು. ಅರ್ಧ ಗಂಟೆಯಲ್ಲಿ ಯಜಮಾನರು ಬಂದ್ರು, ಠಾಣೆಯವರು ಬಂದ್ರು, ಆಮೇಲೆ ತಾಲ್ಲೂಕು ಕಚೇರಿಯವರೂ ಬಂದ್ರು. ಬೈಗುಳ, ಜಗಳ ಏನೂ ಆಗಲಿಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಬಹಳ ಮರ್ಯಾದೆಯಿಂದ ಮಾತಾಡಿದ್ರು. ಮೂರು ಗಂಟೆ ಮಾತಾಡಿದ್ರು. ಕೊನೆಗೆ ಯಜಮಾನರು ದೊಡ್ಡ ಮನಸ್ಸು ಮಾಡಿದ್ರು. ಏನಂತ? "ಅವರು ಮಿಲಿಟ್ರಿಯವರಲ್ವಾ, ದೇಶ ಕಾಯ್ದವರು. ಅವರೊಬ್ಬರನ್ನ ಮಾತ್ರ ನಮ್ಮ ಕಡೆ ಮೂಲೇಲಿ ಮಾಡ್ಕೊಳ್ಳಿ. ಇದನ್ನ ರೂಢಿ ಮಾಡ್ಕೋಬೇಡಿ ಅಷ್ಟೇ."

ತಾಲ್ಲೂಕು ಕಚೇರಿಯವರ ಮುಖದಲ್ಲಿ ಎಂಥಾ ಸಮಾಧಾನ ಅಂತೀರಿ! ಸಮಸ್ಯೆ ಬಗೆಹರೀತು ಅಂತ ಒಬ್ಬರು ಆಗಲೇ ಮೇಲಿನವರಿಗೆ ಫೋನ್ ಮಾಡೋಕೆ ಎದ್ರು. ನಮ್ಮ ಕಡೆಯ ಒಬ್ಬ ಮುಖಂಡರೂ "ಇದು ನಮ್ಮ ಹೋರಾಟಕ್ಕೆ ಸಂದ ಜಯ" ಅಂತ ಶುರು ಮಾಡಿದ್ರು.

ಆಗ ಒಳಗಿಂದ ಅಕ್ಕ ಬಂದ್ರು, ಮಿಲಿಟ್ರಿ ಅಣ್ಣನ ಹೆಂಡತಿ. ಓದಿದವರಲ್ಲ. ಅವತ್ತಿನವರೆಗೆ ನಾಲ್ಕು ಜನ ಗಂಡಸರ ಮುಂದೆ ನಿಂತು ಅವರು ಮಾತಾಡಿದ್ದನ್ನ ನಾನು ಕಂಡಿಲ್ಲ. ಯಜಮಾನರನ್ನೇ ನೋಡ್ಕೊಂಡು ಕೇಳಿದ್ರು:

"ನಂ ಯಜಮಾನ್ರು ಮಿಲಿಟ್ರಿಗೋಗಿದ್ರು, ಅವ್ರಿಗೆ ಜಾಗ ಕೊಡ್ತೀರಿ. ಇಪ್ಪತ್ನಾಕು ವರ್ಷ ಅವರ ಮನೆ ಮಕ್ಕಳು ಕಾಯ್ಕೊಂಡು ಕೂತಿದ್ದೋಳು ನಾನು. ನಾ ಸತ್ರೆ ನನ್ನ ಎಲ್ಲಿ ಹಾಕ್ತೀರಾ?"

ಯಾರೂ ಮಾತಾಡಲಿಲ್ಲ. ಪೊಲೀಸಿನವರೊಬ್ಬರು ಟೋಪಿ ತೆಗೆದು ಕೈಯಲ್ಲಿ ಹಿಡ್ಕೊಂಡ್ರು. ಅಕ್ಕ ಇನ್ನೊಂದೇ ಮಾತು ಹೇಳಿದ್ದು: "ಅವರ ಅವ್ವ ಅಪ್ಪ ಎಲ್ಲವ್ರೋ ಅಲ್ಲೇ ಮಲಗಿಸ್ರಪ್ಪ."

ಬಿಂದಿಗೆ, ಬಕೆಟ್ಟು, ಕೊನೆಗೆ ಯಾರದೋ ಔಷಧಿ ಹೊಡೆಯೋ ಪಂಪು ತಂದು ನೀರು ಹೊರಹಾಕಿದ್ರು ಹುಡುಗರು. ಎರಡು ಟ್ರ್ಯಾಕ್ಟರ್ ಒಣ ಮಣ್ಣು ತಂದು ಸುರಿದ್ರು. ಅಣ್ಣನ ಜೊತೆ ಕೆಲಸ ಮಾಡಿದ ನಾಲ್ಕು ಜನ ಮಾಜಿ ಸೈನಿಕರು ಬಂದಿದ್ರು, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಸೆಲ್ಯೂಟ್ ಹೊಡೆದ್ರು. ಬ್ಯೂಗಲ್ ಊದೋರು ಎಲ್ಲಿಂದ ಬರಬೇಕು, ಒಬ್ಬರು ಮೊಬೈಲಿನಲ್ಲಿ ಲಾಸ್ಟ್ ಪೋಸ್ಟ್ ಹಾಕಿ ಹಿಡಿದ್ರು. ಮಳೆ ಸದ್ದಿನಲ್ಲಿ ಅದೂ ಸರಿಯಾಗಿ ಕೇಳಿಸಲಿಲ್ಲ.

ಈಗ ನನ್ನ ತಕರಾರು. ಅಲ್ಲಿ ನಡೆದದ್ದನ್ನ ಅನೇಕರು 'ಊರಿನವರು ಒಪ್ಪಿದ್ರು, ಇವರೇ ಹಟ ಮಾಡಿದ್ರು' ಅಂತ ಹೇಳ್ಕೊಂಡು ತಿರುಗ್ತಿದ್ದಾರೆ. ನನಗೆ ತಿಳಿದ ಇಬ್ಬರು ಪ್ರಗತಿಪರರೇ ಫೋನ್ ಮಾಡಿ, "ಒಂದು ಹೆಜ್ಜೆ ಮುಂದೆ ಬಂದಿದ್ರಲ್ಲ, ಯಾಕೆ ಬಿಟ್ರಿ?" ಅಂತ ಕೇಳಿದ್ರು. ಸ್ವಾಮಿ, ಅದು ಮುಂದಿನ ಹೆಜ್ಜೆಯಲ್ಲ. ಸೈನಿಕನಿಗೆ ಜಾತಿ ಇಲ್ಲ ಅಂದಾಗ ಆ ಮಾತಿನ ಇನ್ನರ್ಧ ಬಾಯೊಳಗೇ ಉಳಿದಿರುತ್ತೆ: ಮಿಕ್ಕ ನಿಮಗೆಲ್ಲ ಇದೆ. ಅವನ ಹೆಂಡತಿಗೆ ಇದೆ, ಅವನ ಅವ್ವನಿಗೆ ಇತ್ತು, ಅವನು ಪಿಂಚಣಿ ದುಡ್ಡಲ್ಲಿ ಓದಿಸಿದ ಮೊಮ್ಮಗಳಿಗೆ ಇದೆ. ಒಬ್ಬನನ್ನ ಮಾತ್ರ ಕೈಹಿಡಿದು ಮೇಲೆ ಎತ್ತಿ, ಅವನ ಇಡೀ ಕುಲವನ್ನ ಕೆಸರಲ್ಲೇ ಬಿಟ್ಟು, ಅದಕ್ಕೆ ಗೌರವ ಅಂತ ಹೆಸರಿಡೋದು. ಒಪ್ಪಿದ್ರೆ ಏನಾಗ್ತಿತ್ತು ಗೊತ್ತಾ? ನಾಳೆ ಕೇರಿಯ ಕೂಲಿಯವಳೊಬ್ಬಳು ಸತ್ತಾಗ, "ಅವರು ಮಿಲಿಟ್ರಿಯವರು, ನಿಮ್ಮೋಳು ಏನು ಮಾಡಿದಾಳೆ?" ಅಂತ ಕೇಳೋಕೆ ನಾವೇ ಸಾಕ್ಷಿ ಒದಗಿಸಿದಂಗೆ ಆಗ್ತಿತ್ತು. ಸತ್ತ ಮೇಲೆ ಆರಡಿ ನೆಲಕ್ಕೆ ಅರ್ಹತಾ ಪರೀಕ್ಷೆ! ಊರಿನವರಲ್ಲಿ ಯಾರಿಗೆ ಇದೆ ಆ ಪರೀಕ್ಷೆ? ಇಸ್ಪೀಟು ಆಡಿ ಮನೆ ಹಾಳು ಮಾಡಿದವನಿಗೂ ಅಲ್ಲಿ ಜಾಗ ಇದೆ, ಶೆಡ್ಡಿದೆ, ಬೋರ್‌ವೆಲ್ ನೀರಿದೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2016ರ ಜೂನ್ 25ರಂದು ಕಾಶ್ಮೀರದ ಪಾಂಪೋರ್‌ನಲ್ಲಿ ಸಿಆರ್‌ಪಿಎಫ್ ಬಸ್ಸಿನ ಮೇಲೆ ದಾಳಿಯಾಗಿ 8 ಜನ ಸತ್ತರು. ಅವರಲ್ಲಿ ಒಬ್ಬರು ಉತ್ತರ ಪ್ರದೇಶದ ಶಿಕೋಹಾಬಾದ್ ಹತ್ತಿರದ ಹಳ್ಳಿಯವರು, ನಟ್ ಸಮುದಾಯದವರು. ಹೆಣ ಊರಿಗೆ ಬಂದಾಗ ಮೇಲ್ಜಾತಿಯವರು ಸಾರ್ವಜನಿಕ ಜಾಗದಲ್ಲಿ ಸುಡೋಕೆ ಬಿಡಲ್ಲ ಅಂದ್ರು. ಅಧಿಕಾರಿಗಳು ಗಂಟೆಗಟ್ಟಲೆ ಕೂತು ಒಪ್ಪಿಸಬೇಕಾಯ್ತು. ಕೊನೆಗೆ ಒಪ್ಪಿದ್ದು ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲಕ್ಕೆ. ಆವತ್ತು ಪತ್ರಿಕೆಗಳೆಲ್ಲ 'ಯೋಧನಿಗೂ ಜಾತಿ ಅಡ್ಡಿ' ಅಂತ ಮರುಗಿದವು. ಯೋಧನಿಗೂ! ಆ 'ಊ' ಅಕ್ಷರ ನೋಡಿ. ಯೋಧನಲ್ಲದ ನಟ್ ಜಾತಿಯವನಿಗೆ ಜಾಗ ಕೊಡದಿದ್ದರೆ ಅದು ಸುದ್ದಿಯೇ ಅಲ್ಲ ಅಂತ ಆ ಒಂದು ಅಕ್ಷರ ಹೇಳ್ತಿತ್ತು.

ಅದೇ ರಾಜ್ಯ, ಅದೇ ವರ್ಷ, ಅಕ್ಟೋಬರ್ ತಿಂಗಳು. ದಾದ್ರಿಯಲ್ಲಿ ಅಖ್ಲಾಕ್ ಅವರನ್ನ ಬಡಿದು ಕೊಂದ ಪ್ರಕರಣದ ಆರೋಪಿಯೊಬ್ಬ ಸತ್ತಾಗ ಅವನ ಶವಪೆಟ್ಟಿಗೆ ಮೇಲೆ ರಾಷ್ಟ್ರಧ್ವಜ ಹೊದಿಸಿದ್ರು. ಧ್ವಜ ಸಂಹಿತೆ ಏನು ಹೇಳುತ್ತೆ? ಸರ್ಕಾರಿ ಗೌರವದ, ಸೇನೆಯ, ಅರೆಸೇನಾ ಪಡೆಗಳ ಅಂತ್ಯಕ್ರಿಯೆ ಬಿಟ್ಟು ಬೇರೆ ಯಾವ ಹೆಣಕ್ಕೂ ಧ್ವಜ ಹೊದಿಸಬಾರದು. ಹೊದಿಸಿದ್ರೂ ಕೇಸರಿ ಬಣ್ಣ ತಲೆ ಕಡೆ ಇರಬೇಕು, ಗುಂಡಿಗೆ ಇಳಿಸಬಾರದು, ಸುಡಬಾರದು. ಇಷ್ಟೆಲ್ಲ ನಿಯಮ ಇರೋ ಬಟ್ಟೆ ಯಾರಿಗೆ ಸುಲಭವಾಗಿ ಸಿಕ್ತು, ನೆಲ ಯಾರಿಗೆ ಸಿಗಲಿಲ್ಲ ಅಂತ ನೀವೇ ಪಕ್ಕಪಕ್ಕ ಇಟ್ಟು ನೋಡಿ.

ಸತ್ತಾಗ ಮಾತ್ರ ಅಲ್ಲ. 2020ರ ಫೆಬ್ರವರಿಯಲ್ಲಿ ಗುಜರಾತಿನ ಬನಾಸ್‌ಕಾಂಠಾ ಜಿಲ್ಲೆಯ ಶರೀಫ್‌ದಾ ಗ್ರಾಮದಲ್ಲಿ ಸೈನ್ಯದ ದಲಿತ ಹುಡುಗನೊಬ್ಬ ಮದುವೆ ಮೆರವಣಿಗೆಯಲ್ಲಿ ಕುದುರೆ ಹತ್ತಿದ ಅಂತ ಕಲ್ಲು ಬಿದ್ದವು. ಪೊಲೀಸ್ ರಕ್ಷಣೆ ಇದ್ದಾಗಲೇ ಬಿದ್ದವು. ಗಡಿ ಕಾಯೋಕೆ ಬಿಡ್ತಾರೆ, ಕುದುರೆ ಹತ್ತೋಕೆ ಬಿಡಲ್ಲ.

ಈ ಆಟ ಹಳೇದು. 1818ರ ಜನವರಿ 1ರ ಕೋರೆಗಾಂವ್ ಬಗ್ಗೆ ನಮ್ಮ ವೇದಿಕೆಗಳಲ್ಲಿ ಕೇಳಿ ಕೇಳಿ ನಿಮಗೆ ಸಾಕಾಗಿರಬಹುದು. ಅಲ್ಲಿನ ಸ್ತಂಭದ ಮೇಲೆ ಮಹಾರ್ ಸೈನಿಕರ ಹೆಸರು ಕೆತ್ತಿದ್ರು, ಬಾಬಾಸಾಹೇಬರು 1927ರ ಜನವರಿ 1ರಂದು ಅಲ್ಲಿಗೆ ಹೋದ್ರು, ಅಷ್ಟು ಎಲ್ಲರಿಗೂ ಗೊತ್ತು. ಭಾಷಣದಲ್ಲಿ ಹೇಳದೇ ಇರೋ ಭಾಗ ಅದರ ಮುಂದಿನದು. ಕಲ್ಲಿನ ಮೇಲೆ ಹೆಸರು ಕೆತ್ತಿದ ಅದೇ ಬ್ರಿಟಿಷರು 'ಯುದ್ಧವೀರ ಜನಾಂಗ' ಅಂತ ಒಂದು ಸಿದ್ಧಾಂತ ಹಿಡ್ಕೊಂಡು 1892ರಲ್ಲಿ ಮಹಾರರ ಭರ್ತಿಯನ್ನೇ ನಿಲ್ಲಿಸಿದ್ರು. ಸತ್ತವರಿಗೆ ಕಂಬ, ಬದುಕಿರೋರಿಗೆ ಬಾಗಿಲು ಬಂದ್. ಗೋಪಾಲ ಬಾಬಾ ವಲಂಗ್ಕರ್ ಅನ್ನೋ ನಿವೃತ್ತ ಸೈನಿಕರು 1894ರಲ್ಲಿ ಅರ್ಜಿ ಸಿದ್ಧಮಾಡಿದ್ರು, ನಮ್ಮನ್ನ ಮತ್ತೆ ಸೈನ್ಯಕ್ಕೆ ಸೇರಿಸಿಕೊಳ್ಳಿ ಅಂತ. ಮೊದಲ ಮಹಾಯುದ್ಧಕ್ಕೆ ಜನ ಬೇಕಾದಾಗ 1917ರಲ್ಲಿ 111ನೇ ಮಹಾರ್ಸ್ ಅಂತ ಪಡೆ ಕಟ್ಟಿದ್ರು, ಯುದ್ಧ ಮುಗಿದ ಮೇಲೆ ಬರ್ಖಾಸ್ತು. ಎರಡನೇ ಮಹಾಯುದ್ಧಕ್ಕೆ 1943ರಲ್ಲಿ ಚಮಾರ್ ರೆಜಿಮೆಂಟ್ ಕಟ್ಟಿದ್ರು, 1946ರಲ್ಲಿ ಬರ್ಖಾಸ್ತು. ಬೇಕಾದಾಗ ವೀರ, ಬೇಡವಾದಾಗ ಹೊಲೆಯ. ಬಾಬಾಸಾಹೇಬರು ರಕ್ಷಣಾ ಸಲಹಾ ಸಮಿತಿಗೆ ಹೋಗಿ ಕೂತು ಒತ್ತಡ ತಂದ ಮೇಲೆಯೇ 1941ರ ಅಕ್ಟೋಬರ್ 1ರಂದು ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿದ್ದು. ಎಲ್ಲಿ ಹುಟ್ಟಿತು ಗೊತ್ತಾ? ನಮ್ಮ ಬೆಳಗಾವಿಯಲ್ಲಿ. ಕರ್ನಾಟಕದ ಎಷ್ಟು ಜನಕ್ಕೆ ಗೊತ್ತು ಇದು?

ಬಾಬಾಸಾಹೇಬರೇ ಸೈನಿಕನ ಮನೆಯ ಮಗ. ತಂದೆ ರಾಮ್‌ಜಿ ಸಕ್ಪಾಲರು ಸುಬೇದಾರ್. ಬಾಬಾಸಾಹೇಬರು ಹುಟ್ಟಿದ್ದೇ ಮ್ಹೌ ದಂಡು ಪ್ರದೇಶದಲ್ಲಿ. 1901ರಲ್ಲಿ ಬಾಲಕ ಭೀಮ, ಅಣ್ಣನ ಜೊತೆ ಹೊಸ ಬಟ್ಟೆ ಹಾಕ್ಕೊಂಡು ತಂದೆಯನ್ನ ನೋಡೋಕೆ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಏನಾಯ್ತು ಅಂತ ಅವರೇ ಬರೆದಿದ್ದಾರೆ. ಮಕ್ಕಳು ಮಹಾರರು ಅಂತ ಗೊತ್ತಾದ ಕೂಡಲೇ ಗಾಡಿಯವರು ಯಾರೂ ಬರಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು, ಮಕ್ಕಳೇ ಗಾಡಿ ಹೊಡ್ಕೊಂಡು, ಗಾಡಿಯವನು ಪಕ್ಕದಲ್ಲಿ ನಡ್ಕೊಂಡು ಬರೋದು ಅಂತ ತೀರ್ಮಾನ ಆಯ್ತು. ಬುತ್ತಿ ಕೈಯಲ್ಲಿದೆ, ನೀರು ಕೊಡೋರಿಲ್ಲ. ಹಸಿದುಕೊಂಡೇ ರಾತ್ರಿ ಕಳೆದ್ರು. ಸುಬೇದಾರನ ಮಕ್ಕಳು ಅವರು! ಅಪ್ಪನ ಪಟ್ಟಿ, ಅಪ್ಪನ ಮೆಡಲು ಮಕ್ಕಳಿಗೆ ಒಂದು ಲೋಟ ನೀರು ತಂದುಕೊಡಲಿಲ್ಲ. ಅಕ್ಕ ಕೇಳಿದ ಪ್ರಶ್ನೆ ಇದೇ ಅಲ್ವಾ? ಅಕ್ಕನಿಗೆ ಈ ಕಥೆ ಗೊತ್ತಿಲ್ಲ, ಓದಿಲ್ಲ. ಅವರಿಗೆ ಓದಬೇಕಾಗೂ ಇರಲಿಲ್ಲ.

ಸೈನ್ಯದೊಳಗೆ ಜಾತಿಯೇ ಇಲ್ಲ ಅಂತ ನಾನು ಹೇಳೋನಲ್ಲ. ಜಾಟ್, ರಜಪೂತ್, ಡೋಗ್ರಾ ಅಂತ ರೆಜಿಮೆಂಟುಗಳ ಹೆಸರು ಈಗಲೂ ಇವೆ. ಆದರೂ ಒಂದು ಮಾತು ಹೇಳಲೇಬೇಕು. ಆವತ್ತು ಕೆಸರಲ್ಲಿ ನಿಂತ ನಾಲ್ವರಲ್ಲಿ ಮೂವರು ನಮ್ಮವರಲ್ಲ. ಒಬ್ಬರು ಗೌಡರು, ಎಂಬತ್ತರ ಹತ್ತಿರದವರು, ಎರಡು ಬಸ್ ಬದಲಾಯಿಸಿ ಬಂದವರು. ಕೇರಿಯವರು ತಂದಿಟ್ಟ ಮುದ್ದೆ, ಉಪ್ಸಾರನ್ನ ಅಕ್ಕನ ಮನೆ ನೆಲದ ಮೇಲೆ ಕೂತು ಉಂಡ್ರು. ಫೋಟೋ ತೆಗೆಸಿಕೊಳ್ಳಲಿಲ್ಲ, ನಾನು ದಲಿತರ ಮನೇಲಿ ಊಟ ಮಾಡಿದೆ ಅಂತ ಯಾರಿಗೂ ಹೇಳಲಿಲ್ಲ. "ಇಪ್ಪತ್ತು ವರ್ಷ ಒಂದೇ ಲಂಗರಿನಲ್ಲಿ ಉಂಡಿದ್ದೀವಿ, ಇವತ್ತೇನು ಹೊಸದಾ" ಅಂದ್ರು. ಅವರೂ ಅದೇ ಊರ ಯಜಮಾನರ ಜಾತಿಯವರೇ. ಯಜಮಾನರು ಅವರನ್ನ ಕಾಫಿಗೆ ಕರೆದ್ರು. "ಬಸ್ಸಿಗೆ ಹೊತ್ತಾಯ್ತು" ಅಂದು ನಮ್ಮ ಹುಡುಗನ ಬೈಕ್ ಹತ್ತಿದ್ರು.

"ಸಾವಿನ ಮನೇಲಿ ರಾಜಕೀಯ ಮಾಡಬೇಡಿ" ಅಂತ ಕೆಲವರು ನನಗೆ ಬುದ್ಧಿ ಹೇಳ್ತಿದ್ದಾರೆ. ಮೂರು ಫ್ಲೆಕ್ಸ್ ರಾಜಕೀಯ ಅಲ್ಲವಂತೆ. ಪಹಣಿ ತೋರಿಸೋದು ರಾಜಕೀಯವಂತೆ. ಸರಿ, ಕಾನೂನನ್ನೇ ಮಾತಾಡೋಣ. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಗಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರ 3(1)(ಝಡ್‌ಎ) ಕಲಂ ಓದಿ. ಸ್ಮಶಾನವನ್ನ ಬೇರೆಯವರಷ್ಟೇ ಸಮನಾಗಿ ಬಳಸೋಕೆ ನಮ್ಮವರಿಗೆ ಅಡ್ಡಿ ಮಾಡಿದ್ರೆ ಅದು ಅಪರಾಧ. ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಐದು ವರ್ಷದವರೆಗೆ ಜೈಲು, ಜೊತೆಗೆ ದಂಡ. 'ಸಮನಾಗಿ' ಅಂತಿದೆ ಕಾಯ್ದೆಯಲ್ಲಿ. 'ಮಿಲಿಟ್ರಿಗೆ ಹೋಗಿದ್ರೆ' ಅಂತ ಇಲ್ಲ. ಸ್ಮಶಾನ ಇಲ್ಲದ ಊರುಗಳಿಗೆ ಜಾಗ ಒದಗಿಸಿ ಅಂತ ನಮ್ಮ ಹೈಕೋರ್ಟ್ 2019ರಲ್ಲೇ ಸರ್ಕಾರಕ್ಕೆ ಆದೇಶ ಮಾಡಿದೆ. ಹಾಗಾಗಿ ಆವತ್ತು ಅಧಿಕಾರಿಗಳು ಮಾಡಬೇಕಾಗಿದ್ದ ಕೆಲಸ ಯಜಮಾನರ ಮನ ಒಲಿಸೋದು ಆಗಿರಲಿಲ್ಲ. ಅಲ್ಲಿ ಬೇಡೋಕೆ ಏನೂ ಇರಲಿಲ್ಲ. ಗೇಟಿನ ಬೀಗ ತೆಗೆಸೋದಿತ್ತು, ಅಡ್ಡ ನಿಂತವರ ಹೆಸರು ಬರ್ಕೊಳ್ಳೋದಿತ್ತು. ಮೂರು ಗಂಟೆ 'ಸೌಹಾರ್ದ ಮಾತುಕತೆ' ಮಾಡಿದ್ರು. ಕಾನೂನಿಗೂ ಉಲ್ಲಂಘನೆಗೂ ನಡುವೆ ಸೌಹಾರ್ದ!

ನಮ್ಮವರಿಗೂ ಒಂದೆರಡು ಮಾತು. ಆವತ್ತು ಬಂದ ನಮ್ಮ ಮುಖಂಡರೊಬ್ಬರು ಮಣ್ಣಾದ ಮೇಲೆ ಅಲ್ಲೇ ನಿಂತು ಇಪ್ಪತ್ತು ನಿಮಿಷ ಭಾಷಣ ಮಾಡಿದ್ರು. ಒದ್ದೆ ಸೀರೇಲಿ ನಡುಗ್ತಾ ನಿಂತಿದ್ದ ಅಕ್ಕನನ್ನ ಒಂದು ಲೋಟ ಕಾಫಿ ಕುಡಿದ್ಯಾ ಅಂತ ಕೇಳಲಿಲ್ಲ. ಕಾರು ಹತ್ತುವಾಗ "ಏನೇ ಇದ್ರೂ ಫೋನ್ ಮಾಡಿ" ಅಂದ್ರು. ಏನೇ ಇದ್ರೂ ಅಂದ್ರೆ ಏನು? ದುಃಖದ ಮನೆಯವರು ಫೋನ್ ಮಾಡಲ್ಲ ಕಣ್ರೀ, ನಾವೇ ಹೋಗಿ ಕೂರಬೇಕು. ಸಾಂತ್ವನ ಅನ್ನೋ ಪದ ನಮ್ಮ ಕೇರಿಯಲ್ಲಿ ಯಾರೂ ಬಳಸಲ್ಲ. ಒಲೆ ಹಚ್ಚದ ಮನೆಗೆ ಮುದ್ದೆ ತಗೊಂಡು ಹೋಗ್ತಾರೆ, ರಾತ್ರಿ ಇಬ್ಬರು ಹೆಂಗಸರು ಅಲ್ಲೇ ಮಲಗ್ತಾರೆ, ಹಸು ಕರೆಯೋಕೆ ಯಾರೋ ಒಬ್ಬರು ಹೇಳದೇ ಬರ್ತಾರೆ. ಆ ಕೆಲಸ ನಮ್ಮ ಹೆಂಗಸರು ಈ ವಾರವೂ ಮಾಡ್ತಿದ್ದಾರೆ. ಅದಾದ ಮೇಲೆ ಒಂದು ಕೆಲಸ ಉಳಿಯುತ್ತೆ. ಅದು ಕಾಗದದ ಕೆಲಸ, ಅದಕ್ಕೆ ನಾಲ್ಕಕ್ಷರ ಓದಿದ ನಾವು ಬೇಕು.

ಯಾಕೆ ಅಂದ್ರೆ, ಮಿಲಿಟ್ರಿ ಅಣ್ಣ ಹೋದ ದಿನದಿಂದ ಪಿಂಚಣಿ ನಿಂತಿತು. ಇನ್ನು ಅಕ್ಕನಿಗೆ ಬರಬೇಕಾದದ್ದು ಕುಟುಂಬ ಪಿಂಚಣಿ. ಕೊನೆಯ ಸಂಬಳದ ನೂರಕ್ಕೆ 50 ಲೆಕ್ಕದಲ್ಲಿ ಬರ್ತಿದ್ದದ್ದು 30ರ ಲೆಕ್ಕಕ್ಕೆ ಇಳಿಯುತ್ತೆ. ಅದೂ ತಾನಾಗೇ ಬರಲ್ಲ. ಮರಣ ಪ್ರಮಾಣಪತ್ರ, ಪಿಪಿಒ, ಡಿಸ್‌ಚಾರ್ಜ್ ಬುಕ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಹೊಂದಬೇಕು. ನಮ್ಮ ಹೆಂಗಸರ ಹೆಸರು ಎಲ್ಲಿ ಹೊಂದುತ್ತೆ ಹೇಳಿ? ಮದುವೆಯಾದಾಗ ಅಣ್ಣ ರೆಜಿಮೆಂಟಿನಲ್ಲಿ ಬರೆಸಿದ ಹೆಸರೊಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಆಧಾರ್ ಮಾಡೋ ಹುಡುಗ ಒತ್ತಿದ್ದು ಮತ್ತೊಂದು. ಹುಟ್ಟಿದ ದಿನಾಂಕ ಸೇನೆಯ ದಾಖಲೆಯಲ್ಲಿ ಇಲ್ಲವೇ ಇಲ್ಲ. ಇದು ಸಣ್ಣ ವಿಷಯ ಅಂತ ಬಿಡಬೇಡಿ. ಎಂಬತ್ತು ತುಂಬಿದರೆ ಕುಟುಂಬ ಪಿಂಚಣಿಗೆ ನೂರಕ್ಕೆ 20ರಷ್ಟು ಹೆಚ್ಚುವರಿ ಸೇರುತ್ತೆ. ವಯಸ್ಸಿನ ದಾಖಲೆ ಇಲ್ಲದವಳಿಗೆ ಎಂಬತ್ತು ತುಂಬೋದು ಯಾವಾಗ?

ಈಗ ಇದೆಲ್ಲ ನಡೆಯೋದು 'ಸ್ಪರ್ಶ್' ಅನ್ನೋ ಪೋರ್ಟಲಿನಲ್ಲಿ. ಯಾರು ಇಟ್ಟರೋ ಈ ಹೆಸರನ್ನ! ಮುಟ್ಟಿಸಿಕೊಳ್ಳದವರ ಮನೆಗೆ ಪಿಂಚಣಿ ಬರೋದು ಸ್ಪರ್ಶದ ಮೂಲಕ. ಅಕ್ಕನಿಗೆ ಹೇಳಿದೆ, ಅವರು ನಗಲಿಲ್ಲ, ನನಗೇ ನಗು ಬಂತು.

ಸೈನಿಕರ ಮನೆಯವರು ಯಾರಾದ್ರೂ ಇದನ್ನ ಓದ್ತಿದ್ರೆ ಕೇಳಿ. ಸಾವಾದ ಕೂಡಲೇ ಬ್ಯಾಂಕಿಗೂ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೂ ತಿಳಿಸಿ. ಸತ್ತ ದಿನದ ನಂತರದ ಲೆಕ್ಕಕ್ಕೆ ಜಮೆಯಾದ ದುಡ್ಡನ್ನ ಎಟಿಎಂನಿಂದ ತೆಗೀಬೇಡಿ, ಆಮೇಲೆ ಅದನ್ನ ವಸೂಲಿ ಮಾಡ್ತಾರೆ, ಆಗ ಕೈಯಲ್ಲಿ ಇರಲ್ಲ. ವಿಧವೆಯ ಗುರುತಿನ ಚೀಟಿ ಸೈನಿಕ ಕಲ್ಯಾಣ ಕಚೇರಿಯಲ್ಲಿ ಮಾಡಿಸಿ. ಇಸಿಎಚ್‌ಎಸ್ ಆಸ್ಪತ್ರೆ ಸೌಲಭ್ಯ ಗಂಡನ ಜೊತೆ ಮುಗಿಯಲ್ಲ, ಹೆಂಡತಿಗೂ ಮುಂದುವರಿಯುತ್ತೆ. ಪ್ರತಿ ವರ್ಷ ಜೀವಂತ ಪ್ರಮಾಣಪತ್ರ ಮರೀಬೇಡಿ. ಇನ್ನು ಬದುಕಿರೋ ಮಾಜಿ ಸೈನಿಕರಿಗೆ: ದಯವಿಟ್ಟು ಇವತ್ತೇ ನಿಮ್ಮ ಪಿಪಿಒ ತೆಗೆದು ಹೆಂಡತಿ ಹೆಸರು, ಹುಟ್ಟಿದ ದಿನ ಸರಿಯಿದೆಯಾ ನೋಡಿ. ನೀವಿದ್ದಾಗ ಒಂದು ಅರ್ಜಿಯಲ್ಲಿ ಆಗೋದು, ನೀವು ಹೋದ ಮೇಲೆ ಅವಳಿಗೆ ಒಂದು ವರ್ಷದ ಅಲೆದಾಟ.

ಬಳೆ ಒಡೆಯೋ ವಿಷಯ ಬಂತು ಮೂರನೇ ದಿನ. ಯಾರೋ ದೊಡ್ಡವರು ಹನ್ನೊಂದನೇ ದಿನಕ್ಕೆ ಅಂತ ಮಾತು ತೆಗೆದ್ರು. ನಾನು ಬಾಯಿ ಹಾಕಲಿಲ್ಲ, ಅಕ್ಕನೇ ಅಂದ್ರು, "ಅವರು ರಜಾಕ್ಕೆ ಬಂದಾಗ ಮೈಸೂರಿಂದ ತಂದ ಬಳೆ, ನಾ ಒಡೆಯಲ್ಲ." ಅಲ್ಲಿಗೆ ಆ ಮಾತು ನಿಂತಿತು.

ಹನ್ನೊಂದನೇ ದಿನ ಬರೋ ಭಾನುವಾರ. ಕೇರಿಯ ಅಂಬೇಡ್ಕರ್ ಭವನದ ಮುಂದೆ ಬೆಳಗ್ಗೆ ಹತ್ತಕ್ಕೆ ನುಡಿನಮನ. ತ್ರಿಸರಣ ಹೇಳಿ ಶುರು ಮಾಡ್ತೀವಿ. ಭಾಷಣ ಒಬ್ಬರಿಗೆ ಐದು ನಿಮಿಷ, ಅವರ ವಿಶಲ್ ನನ್ನ ಕೈಯಲ್ಲಿರುತ್ತೆ, ಊದಿಬಿಡ್ತೀನಿ. ಹಾರ, ಶಾಲು, ಫ್ಲೆಕ್ಸ್ ತರಬೇಡಿ. ಫ್ಲೆಕ್ಸಿನ ದುಡ್ಡು ಉಳಿದಿದ್ದರೆ ಆ ಎರಡು ಟ್ರ್ಯಾಕ್ಟರ್ ಮಣ್ಣಿನ ಬಾಡಿಗೆ ಬಾಕಿ ಇದೆ, ಅದಕ್ಕೆ ಕೊಡಿ. ಪಿಂಚಣಿ ಕಾಗದ ಗೊತ್ತಿರೋರು ಲ್ಯಾಪ್‌ಟಾಪ್ ತನ್ನಿ. ವಕೀಲ ಗೆಳೆಯರಿಬ್ಬರು ಬರ್ತೀನಿ ಅಂದಿದ್ದಾರೆ. ಟ್ರಂಕಿನಲ್ಲಿರೋ ಹದಿನೈದು ವರ್ಷದ ಅರ್ಜಿಗಳನ್ನ ದಿನಾಂಕದ ಪ್ರಕಾರ ಜೋಡಿಸಿ, ಪಹಣಿ ಸೇರಿಸಿ, ಅಕ್ಕನ ಹೆಸರಲ್ಲಿ ಹೊಸ ಅರ್ಜಿ ಮಾಡ್ತೀವಿ. ಸ್ಮಶಾನವನ್ನ ಕೇರಿಯ ಎಲ್ಲರಿಗೂ ತೆರೆಯಬೇಕು ಅಂತ. ಸೋಮವಾರ ಬೆಳಗ್ಗೆ ಜಿಲ್ಲಾಧಿಕಾರಿ ಕಚೇರಿಗೆ ಅದನ್ನ ಅಕ್ಕನೇ ಕೈಯಾರೆ ಕೊಡ್ತಾರೆ. ಸಹಿ ಹಾಕೋದನ್ನ ಮೊಮ್ಮಗಳ ಹತ್ರ ಕಲೀತಿದ್ದಾರೆ, ಹೆಬ್ಬೆಟ್ಟು ಬೇಡ ಅಂತ ಅವರೇ ಹೇಳಿದ್ದು.

ಸೋಮವಾರ ಎಂಟಕ್ಕೆ ಊರಿಂದ ಬಸ್. ಬರೋರು ಭಾನುವಾರವೇ ಹೆಸರು ಕೊಡಿ.

ಜೈ ಭೀಮ್.